ಕ್ಲಿಯರ್ ಅಂದವರು ಯಾರ್ರಿ?

ವಿದ್ಯುತ್ ಸಬ್‌ಸ್ಟೇಷನ್ನಿನ ಕುರ್ಚಿಯಲ್ಲಿ ಹೊಸದಾಗಿ ಕೂರಲಿರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಕೆಲಸದಲ್ಲಿ ಶೌರ್ಯ ತೋರಿಸಲು ಜಾಗವಿಲ್ಲ. ಕಂಬ ಏರುವವರು ಬೇರೆ. ನಮ್ಮದು ಗೋಡೆ ತುಂಬ ದೀಪಗಳಿರುವ ಒಂದು ಕೋಣೆ, ಒಂದು ಮೇಜು, ಒಂದು ಫೋನು, ತಾಸಿಗೊಮ್ಮೆ ಮೀಟರು ನೋಡಿ ಅಂಕಿ ಬರೆಯುವ ಹಾಳೆ. ಉಳಿದ ಹೊತ್ತೆಲ್ಲ ಚಿಂತೆ. ನನಗೆ ಇದು ಹೇಳಿ ಮಾಡಿಸಿದಂಥ ಕೆಲಸವಾಗಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹತ್ತಿದ ಬಸ್ಸಿನಿಂದ ಇಳಿದು ಕೊಪ್ಪಳದ ಪಕ್ಕದ ಭಾಗ್ಯನಗರದ ಮನೆಗೆ ಮರಳಿ ನಡೆದವಳು ನಾನು. ಬೇರೆಯವರು ಈ ಕಾಯಿಲೆಗೆ ಡಾಕ್ಟರಿಗೆ ದುಡ್ಡು ಕೊಡುತ್ತಾರೆ. ನನಗೆ ಇದಕ್ಕೇ ಸಂಬಳ ಕೊಟ್ಟರು.

ಐವತ್ತು ದಾಟುತ್ತಿದ್ದಂತೆ ಎಡಗಿವಿ ಮಂದವಾಯಿತು. ಕೇಳಿಸಿಕೊಳ್ಳುವುದೇ ಕೆಲಸವಾದವಳಿಗೆ ಕಿವಿ ಕೈಕೊಟ್ಟ ಮೇಲೆ ಕುರ್ಚಿ ಬಿಡುವುದು ಧರ್ಮ. ಸ್ವಯಂ ನಿವೃತ್ತಿ ಕೇಳಿ ಪಡೆದು ಮನೆಗೆ ಬಂದೆ. ‘ಆಕಿನ್ನ ಓಡಿಸಿದ್ರು’ ಎಂದು ಹೇಳುವವರು ಕೊಪ್ಪಳದಿಂದ ಗಂಗಾವತಿಯವರೆಗೆ ಇದ್ದಾರೆ. ಅವರಿಗೆ ನನ್ನ ನಮಸ್ಕಾರ. ಓಡಿಸಲು ನೋಡಿದ್ದು ನಿಜ. ಅದನ್ನೇ ಬರೆಯಲು ಕೂತಿದ್ದೇನೆ. ಓಡಿದ್ದು ಮಾತ್ರ ಸುಳ್ಳು.

ಬಡ್ತಿಯ ಸಂಗತಿ ಬರೆಯುವುದಿಲ್ಲ. ಬಂದದ್ದು ಒಂದೇ ಬಡ್ತಿ, ಅದರಿಂದ ನನ್ನ ಕುರ್ಚಿಗೆ ಎರಡು ಕೈ ಬಂದವು, ಅಷ್ಟೆ. ನಾನು ಹೇಳಬೇಕಾದದ್ದು ಒಂದು ಇಂಗ್ಲಿಷ್ ಪದದ ಬಗ್ಗೆ. ಕ್ಲಿಯರ್.

ನಮ್ಮ ಸೀಮೆಯಲ್ಲಿ ಈ ಪದ ಗೊತ್ತಿಲ್ಲದವರು ಯಾರಿದ್ದಾರೆ? ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅತ್ತೆಯವರು ಬೆಳಿಗ್ಗೆ ಎದ್ದು, “ಇವತ್ತ ಹೊಟ್ಟಿ ಕ್ಲಿಯರ್ ಆತವಾ” ಎಂದು ಸಮಾಧಾನಪಡುತ್ತಿದ್ದರು. ಬ್ಯಾಂಕಿನಲ್ಲಿ ಚೆಕ್ಕು ಕ್ಲಿಯರ್ ಆಗುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ಫೈಲು ಕ್ಲಿಯರ್ ಆಗುವುದಿಲ್ಲ. ಪಕ್ಕದ ಮನೆಯ ಹುಡುಗಿ ಪಿಯುಸಿ ಕ್ಲಿಯರ್ ಮಾಡುತ್ತಾಳೆ. ಗಿಣಿಗೇರಾ ಹತ್ತಿರ ಅದಿರಿನ ಲಾರಿ ಅಡ್ಡ ನಿಂತರೆ ಬಸ್ಸಿನವರೆಲ್ಲ ಕತ್ತು ಹೊರಗೆ ಹಾಕಿ “ರೋಡ್ ಕ್ಲಿಯರ್ ಆತೇನ್ರಿ?” ಎಂದು ಕೂಗುತ್ತಾರೆ. ಮದುವೆ ಮಾತುಕತೆಯಲ್ಲಿ ಸೋದರಮಾವನೊಬ್ಬ ಗಂಟಲು ಸರಿಮಾಡಿಕೊಂಡು “ಎಲ್ಲಾ ಈಗಾ ಕ್ಲಿಯರ್ ಆಗಿಬಿಡ್ಲಿ, ಆಮ್ಯಾಲ ಮಾತು ಬ್ಯಾಡ” ಎನ್ನುತ್ತಾನೆ. ಆಮೇಲೆ ಮಾತು ಬಂದೇ ಬರುತ್ತದೆ, ಅದು ಬೇರೆ.

ನಮ್ಮ ಸ್ಟೇಷನ್ನಿನಲ್ಲಿ ಮಾತ್ರ ಈ ಪದಕ್ಕೆ ಒಂದೇ ಅರ್ಥ, ಅದು ಮನುಷ್ಯನ ಜೀವ. ಲೈನ್‌ಮ್ಯಾನ್ ಕಂಬ ಏರುವ ಮೊದಲು ಸ್ಟೇಷನ್ನಿಗೆ ಫೋನು ಮಾಡಿ ಇಂಥ ಫೀಡರಿಗೆ ಲೈನ್ ಕ್ಲಿಯರ್ ಬೇಕು ಎಂದು ಕೇಳುತ್ತಾನೆ. ಫೀಡರ್ ಎಂದರೆ ಸ್ಟೇಷನ್ನಿನಿಂದ ಒಂದೊಂದು ದಿಕ್ಕಿಗೆ ಹೊರಡುವ ದೊಡ್ಡ ತಂತಿ. ನಾವು ಆ ಫೀಡರ್ ಬಂದ್ ಮಾಡಿ, ಬೀಗ ಹಾಕಿ, ಅವನ ಹೆಸರಿಗೆ ಲೈನ್ ಕ್ಲಿಯರ್ ಕೊಡುತ್ತೇವೆ. ಎಲ್ಲರ ಬಾಯಲ್ಲಿ ಅದು ಎಲ್.ಸಿ. ಕೆಲಸ ಮುಗಿದ ಮೇಲೆ ಅವನೇ ಇಳಿದು ಬಂದು, ತನ್ನ ಜೊತೆಯವರನ್ನೆಲ್ಲ ಇಳಿಸಿ, ಎಲ್.ಸಿ. ವಾಪಸು ಕೊಡುತ್ತಾನೆ. ಯಾರು ತೆಗೆದುಕೊಂಡರೋ ಅವರೇ ಕೊಡಬೇಕು. ಅವನ ಹೆಂಡತಿ ಕೊಡುವಂತಿಲ್ಲ, ಅವನ ಸಾಹೇಬರು ಕೊಡುವಂತಿಲ್ಲ. ಅವನು ಕೊಡುವತನಕ ಆ ತಂತಿ ಅವನದು. ಊರಿಗೆ ಊರೇ ಕತ್ತಲಲ್ಲಿ ಕೂತರೂ ಅವನದು.

ಇದನ್ನು ನನಗೆ ಕಲಿಸಿದವರು ಗವಿಸಿದ್ದಪ್ಪನವರು. ಯಲಬುರ್ಗಾದ ಕಡೆ ನನ್ನ ಮೊದಲ ಸ್ಟೇಷನ್ನಿನಲ್ಲಿ ಹಿರಿಯ ಆಪರೇಟರು. ಆಗ ಮೊಬೈಲ್ ಇರಲಿಲ್ಲ. ಇದ್ದ ಫೋನಿನಲ್ಲಿ ಮಾತಿಗಿಂತ ಎಣ್ಣೆಯಲ್ಲಿ ಮೆಣಸಿನಕಾಯಿ ಕರಿಯುವ ಸದ್ದೇ ಹೆಚ್ಚು. ಗವಿಸಿದ್ದಪ್ಪನವರು ಎದ್ದು ನಿಂತು, ಒಂದು ಕಿವಿ ಮುಚ್ಚಿಕೊಂಡು, ಹೊಲದಲ್ಲಿ ಎತ್ತು ಕೂಗುವವರಂತೆ ಮಾತಾಡುತ್ತಿದ್ದರು. ನಾನು ಹೊಸಬಳು, ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಸಭ್ಯತೆ ಎಂದು ತಿಳಿದಿದ್ದವಳು.

“ಏನವಾ, ದೇವರ ಮನ್ಯಾಗ ಮಂತ್ರ ಹೇಳಾಕತ್ತೀಯೇನು?” ಎಂದರು ಒಂದು ದಿನ. “ಬಾಯಿ ತಗದು ಕೂಗು. ಅವನೂ ಕೂಗ್ಲಿ. ನೀ ಅಂದಿದ್ದು ಅವ ತಿರುಗಿ ಅನ್ನಬೇಕು, ಅವ ಅಂದಿದ್ದು ನೀ ತಿರುಗಿ ಅನ್ನಬೇಕು.”

“ಅಕ್ಕಪಕ್ಕದವರು ಏನಂದಾರ್ರಿ ಸರ?”

“ಅಕ್ಕಪಕ್ಕದವರು ಕಂಬದ ಮ್ಯಾಲಿಲ್ಲ ಬಿಡು.”

ಕೂಗುವುದನ್ನು ಕಲಿತೆ. ಮನೆಯಲ್ಲೂ ಹಾಗೇ ಮಾತಾಡತೊಡಗಿ, ಬೀಗರ ಎದುರು ನಮ್ಮ ಮನೆಯವರ ಮಾನ ಹೋಯಿತು.

ಪಾಠ ಅತಿಯಾಗಿ ತಲೆಗೇರಿದರೆ ಏನಾಗುತ್ತದೆ ಎಂಬುದಕ್ಕೆ ಬಸಪ್ಪನ ಹಲ್ಲಿನ ಪ್ರಸಂಗ ಸಾಕು. ಬಸಪ್ಪ ಅಲ್ಲಿಯ ಲೈನ್‌ಮ್ಯಾನ್. ಬೆಳಿಗ್ಗೆ ಹಲ್ಲು ಕೀಳಿಸಿಕೊಂಡು ಬಂದು ಮಧ್ಯಾಹ್ನದ ಮೇಲೆ ಎಲ್.ಸಿ. ತೆಗೆದುಕೊಂಡ. ಆಗ ಬಾಯಿ ಇನ್ನೂ ಊದಿರಲಿಲ್ಲ, ಮಾತು ಸರಿಯಿತ್ತು. ಕೆಲಸ ಮುಗಿಯುವ ಹೊತ್ತಿಗೆ ದವಡೆ ಊದಿತ್ತು. ಫೋನಿನಲ್ಲಿ ಬಂದ ದನಿ ಬಾವಿಯೊಳಗಿಂದ ಯಾರೋ ಗೊಣಗಿದಂತಿತ್ತು.

“ನೀವು ಬಸಪ್ಪ ಅಲ್ಲ” ಎಂದೆ.

“ನಾನ ಬಶಪ್ಪ ಅಕ್ಕಾರ. ಹಲ್ಲ...”

“ಬಸಪ್ಪ ಆದ್ರ ನಿಮ್ಮ ಮನಿಯವರ ಹೆಸರು ಹೇಳ್ರಿ.”

ಆತ ತನ್ನ ಊರು ಹೇಳಿದ, ಅಪ್ಪನ ಹೆಸರು ಹೇಳಿದ, ಕೇಳಿದ್ದನ್ನು ಮಾತ್ರ ಹೇಳಲೊಲ್ಲ. ಆಮೇಲೆ ತಿಳಿಯಿತು: ಆತ ನಿಂತು ಮಾತಾಡುತ್ತಿದ್ದದ್ದು ಫೋನಿದ್ದ ಒಂದು ಮದುವೆ ಮನೆಯಿಂದ. ಚಪ್ಪರದ ತುಂಬ ಜನ, ಪಕ್ಕದಲ್ಲೇ ಮಾವ. ಹೆಂಡತಿಯ ಹೆಸರನ್ನು ಹಾಗೆ ನೇರವಾಗಿ ಹೇಳುವುದುಂಟೆ? ಮದುಮಕ್ಕಳೇ ಒಡಪು ಕಟ್ಟಿ ಸುತ್ತು ಬಳಸಿ ಹೇಳುವ ಹೆಸರು. ನಾನೂ ಬಿಡಲಿಲ್ಲ. ಇಡೀ ಊರಿಗೆ ಕರೆಂಟಿಲ್ಲ, ಮೈಕು ಸತ್ತಿದೆ, ಬ್ಯಾಂಡಿನವರು ಸುಮ್ಮನೆ ಕೂತಿದ್ದಾರೆ. ಕೊನೆಗೆ ಬಸಪ್ಪ ಊದಿದ ಬಾಯಿಯಲ್ಲಿ ಒಡಪನ್ನೇ ಹೇಳಿದ.

“ಗಡಗಿ ತುಂಬ ಹಾಲವ್ವ, ಕಟ್ಟಿ ಮ್ಯಾಲ ಕುಂತಾಕಿ ನಮ್ಮ ನೀಲವ್ವ!”

ಚಪ್ಪರದಲ್ಲಿ ಎದ್ದ ಕೇಕೆ ಫೋನಿನಲ್ಲಿ ನನಗೆ ಕೇಳಿಸಿತು. ಲೈನ್ ಹಾಕಿದೆ. ಗವಿಸಿದ್ದಪ್ಪನವರು ನಕ್ಕು ನಕ್ಕು ಕೆಮ್ಮು ಹತ್ತಿ ಹೊರಗೆ ಹೋದರು. ಬಸಪ್ಪ ಆಮೇಲೆ ಬಹಳ ಕಾಲ ನನ್ನ ಸ್ಟೇಷನ್ನಿಗೆ ಫೋನು ಮಾಡಿದಾಗೆಲ್ಲ, ಕೇಳುವ ಮೊದಲೇ “ನೀಲವ್ವನ ಗಂಡ ಮಾತಾಡೋದ್ರಿ” ಎನ್ನುತ್ತಿದ್ದ.

ಇಷ್ಟಾದರೂ ಆ ಪದದ ಒಳಗೇನಿದೆ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಲೈನ್ ಕ್ಲಿಯರ್ ಎಂಬುದನ್ನು ರೈಲಿನವರೂ ಹೇಳುತ್ತಾರೆ, ಮುಂದಿನ ನಿಲ್ದಾಣದಿಂದ ಅದು ಬರದೆ ಗಾಡಿ ಬಿಡುವುದಿಲ್ಲ. ಅವರಿಂದಲೇ ನಾವು ಎರವಲು ತಂದಿರಬೇಕು ಎಂಬಷ್ಟು ಅಂದಾಜಿತ್ತು. ಒಂದು ಸಲ ಲೈನ್ ಹಾಕಲು ತಡಮಾಡಿದೆನೆಂದು ಯಾರಿಂದಲೋ ಬೈಸಿಕೊಂಡು ಮನೆಗೆ ಬಂದೆ. ನಮ್ಮ ಮನೆಯವರು ಕೊಪ್ಪಳದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ರೊಟ್ಟಿ ಬಡಿಯುತ್ತಲೇ ಕೇಳಿದೆ:

“ಏನ್ರಿ, ಈ ಕ್ಲಿಯರ್ ಅನ್ನೋದರ ಮೂಲ ಯಾವುದ್ರಿ?”

“ಯಾಕ, ಮತ್ತ ಯಾರರ ಬೈದ್ರೇನು?”

“ಬೈಯಲಿ ಬಿಡ್ರಿ. ಬೈಸಿಕೊಂಡ ಪದದ ಊರು ಯಾವುದಂತ ಗೊತ್ತಾಗಬೇಕಲ್ಲ.”

ಅವರು ದಪ್ಪ ನಿಘಂಟು ತಂದು, ಕನ್ನಡಕ ಏರಿಸಿ, ಎಡಗೈಯಲ್ಲಿ ಪುಟ ತಿರುವಿ ಹುಡುಕಿದರು. ಹುಡುಕಿ, ತಾವೇ ಅಚ್ಚರಿಪಟ್ಟರು.

“ಇದು ಕಣ್ಣಿನ ಮಾತಲ್ಲ ಸರೂ. ಕಿವಿದು.”

ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂದ ಪದವಂತೆ. ಅವರಿಗೆ ಕೊಟ್ಟದ್ದು ಲ್ಯಾಟಿನ್. ಅಲ್ಲಿ ಅದರ ಹೆಸರು ಕ್ಲಾರುಸ್. ಹೊಳೆಯುವ, ನಿಚ್ಚಳವಾದ ಎಂಬ ಅರ್ಥ ಇತ್ತು, ಆದರೆ ಅದಕ್ಕೂ ಮೊದಲು ದನಿಗೆ ಹೇಳುತ್ತಿದ್ದ ಮಾತು: ಗಟ್ಟಿಯಾದ, ದೂರಕ್ಕೆ ಕೇಳುವ ದನಿ. ಇನ್ನೂ ಕೆಳಗೆ ಅಗೆದರೆ ಬೇರು ಕೂಗುವುದಕ್ಕೆ, ಕರೆಯುವುದಕ್ಕೆ ಮುಟ್ಟುತ್ತದೆ ಎಂದು ಭಾಷೆ ಬಲ್ಲವರು ಹೇಳುತ್ತಾರಂತೆ. ಘೋಷಿಸುವುದಕ್ಕೆ ಇಂಗ್ಲಿಷಿನವರು ಡಿಕ್ಲೇರ್ ಅನ್ನುತ್ತಾರಲ್ಲ, ಅದು ಇದರ ಹೊಟ್ಟೆಯಲ್ಲೇ ಹುಟ್ಟಿದ್ದು. ಗಂಗಾವತಿಯ ಬ್ಯಾಂಡಿನವರು ಕೆನ್ನೆ ಉಬ್ಬಿಸಿ ಊದುವ ಕ್ಲಾರಿನೆಟ್ಟೂ ಅದೇ ವಂಶ. ವಿಮೆಯವರು ಕೊಡದೆ ಸತಾಯಿಸುವ ಕ್ಲೇಮು ದಾಯಾದಿ. ಗೋಡೆಯ ಮೇಲಿನ ಕ್ಯಾಲೆಂಡರ್ ಸಹ ದೂರದ ಸಂಬಂಧಿ. ಹಳೆಯ ರೋಮಿನಲ್ಲಿ ತಿಂಗಳ ಮೊದಲ ದಿನವನ್ನು ಕೂಗಿ ಸಾರುತ್ತಿದ್ದರಂತೆ.

“ಅಂದ್ರ ಡಂಗುರ ಸಾರಿದಂಗ” ಎಂದೆ.

“ಹೂಂ. ಇನ್ನೊಂದು ರೊಟ್ಟಿ ಹಾಕು.”

ನಾನು ರೊಟ್ಟಿ ಹಾಕಿದೆ, ಆದರೆ ತಲೆ ಅಲ್ಲೇ ನಿಂತಿತು. ಮೊದಲು ಕಿವಿಗೆ ಕೇಳಿಸುವುದು ಕ್ಲಿಯರ್. ಆಮೇಲೆ ಕಣ್ಣಿಗೆ ಕಾಣಿಸುವುದು. ಕಣ್ಣಿಗೆ ನಿಚ್ಚಳ ಕಾಣಬೇಕಾದರೆ ಅಡ್ಡ ಇದ್ದದ್ದನ್ನು ಸರಿಸಬೇಕು, ಹಾಗಾಗಿ ಸರಿಸುವುದೂ ಕ್ಲಿಯರ್ ಆಯಿತು. ಮೇಜು ಕ್ಲಿಯರ್, ರಸ್ತೆ ಕ್ಲಿಯರ್. ಸರಿಸುವುದು ಕಚೇರಿಗೆ ಬಂದದ್ದೇ, ತಲೆನೋವು ಸಾಗಹಾಕುವುದೆಲ್ಲ ಕ್ಲಿಯರ್. ಕೂಗುತ್ತ ಹುಟ್ಟಿದ ಪದ ವಯಸ್ಸಾದಂತೆ ಬಾಯಿ ಮುಚ್ಚಿಕೊಂಡಿತು. ನಮ್ಮ ಸಾಹೇಬರುಗಳು ಆಡುವುದು ಈ ಮುದಿ ಪದವನ್ನು. ಗವಿಸಿದ್ದಪ್ಪನವರು, ಲ್ಯಾಟಿನ್ನಿನ ಹೆಸರನ್ನೂ ಕೇಳದವರು, ಎಳೆಯದನ್ನೇ ಇಟ್ಟುಕೊಂಡಿದ್ದರು. ನಾನು ಅವತ್ತೇ ಪಕ್ಷ ಆರಿಸಿಕೊಂಡೆ.

ಮುಂದೆ ಮೊಬೈಲುಗಳು ಬಂದವು. ಕೆಲಸ ಹಗುರಾಯಿತು, ಒಪ್ಪುತ್ತೇನೆ. ಕರಿಯುವ ಸದ್ದು ಹೋಯಿತು. ಅದರ ಹಿಂದೆಯೇ ವಾಟ್ಸಾಪ್ ಗುಂಪು ಬಂತು. ಅಧಿಕಾರಿಗಳು, ಆಪರೇಟರುಗಳು, ಲೈನ್‌ಮ್ಯಾನ್‌ಗಳು ಎಲ್ಲರೂ ಅದರಲ್ಲಿ. ಯಾರ ಹುಟ್ಟುಹಬ್ಬ, ಯಾವ ಫೀಡರ್ ಬಂದ್, ಯಾವ ದೇವರ ಫೋಟೊ, ಎಲ್ಲ ಒಂದೇ ಬುಟ್ಟಿಯಲ್ಲಿ. ಅದರಲ್ಲಿ ‘ಕ್ಲಿಯರ್’ ಎಂದು ಯಾರಾದರೂ ಹಾಕಿದರೆ ಕೆಳಗೆ ಸಾಲಾಗಿ ಹೆಬ್ಬೆರಳುಗಳು ಏಳುತ್ತಿದ್ದವು. ಬರೆದವರು ಎಲ್ಲಿದ್ದಾರೆ, ಯಾರ ಮಾತು ಕೇಳಿ ಬರೆದರು, ಯಾರಿಗೂ ಬೇಕಿರಲಿಲ್ಲ. ಹೆಬ್ಬೆರಳಿಗೆ ದನಿ ಇಲ್ಲ. ನಾನು ಗುಂಪನ್ನು ನೋಡುತ್ತಿದ್ದೆ, ಲೈನ್ ಮಾತ್ರ ಅದನ್ನು ನೋಡಿ ಹಾಕುತ್ತಿರಲಿಲ್ಲ. “ಸರೋಜಮ್ಮಾರು ಇನ್ನಾ ಹಳೇ ಕಾಲದಾಗ ಅದಾರ” ಎಂದು ನಕ್ಕರು. ನಗಲಿ.

ಈಗ ಆ ದಿನದ ಮಾತು. ಗಂಗಾವತಿಯ ಕಾಲುವೆ ಬಯಲಿನಲ್ಲಿ ನಾನಿದ್ದ ಸ್ಟೇಷನ್ನಿನ ಹೆಸರು ಬೇಡ. ಬೇಸಿಗೆ ಭತ್ತ ಹೊಡೆ ಕಟ್ಟುವ ಸಮಯ. ನೀರು ಒಂದು ದಿನ ತಪ್ಪಿದರೆ ತೆನೆ ಜೊಳ್ಳಾಗುತ್ತದೆ ಎಂಬ ಹೊತ್ತು. ಕಾಲುವೆಯ ಕೊನೆಯವರಿಗೆ ನೀರಿನ ಪಾಳಿ ಅಂದೇ, ಸಂಜೆಯವರೆಗೆ. ಅವರು ಪಂಪ್ ಹಚ್ಚಿ ನೀರೆತ್ತಬೇಕು, ಪಂಪಿಗೆ ಕರೆಂಟು ಬೇಕು. ಹಿಂದಿನ ಸಂಜೆಯ ಗಾಳಿಗೆ ಒಂದು ಕಂಬದ ಮೇಲೆ ತಂತಿಯ ಕೂಡುಕೊಂಡಿ ಕಡಿದಿತ್ತು. ಬೆಳಗಿನ ಬಿಸಿಲೇರಿದ ಮೇಲೆ ಲೈನ್‌ಮ್ಯಾನ್ ಹುಸೇನ್‌ಸಾಬನ ಫೋನು ಬಂತು.

“ಅಕ್ಕಾರ, ಹುಸೇನ್‌ಸಾಬ ಮಾತಾಡೋದು. ಶ್ರೀರಾಮನಗರ ಕಡಿ ಪಂಪ್‌ಸೆಟ್ ಫೀಡರಿಗೆ ಎಲ್.ಸಿ. ಬೇಕ್ರಿ. ನಾವು ಇಬ್ರು ಅದೀವಿ.”

ಬಂದ್ ಮಾಡಿದೆ, ಬೀಗ ಹಾಕಿದೆ, ಅರ್ಥಿಂಗ್ ಕೊಟ್ಟು ತಂತಿಯನ್ನು ನೆಲಕ್ಕೆ ಸೇರಿಸಿದೆ, ‘ಜನ ಕೆಲಸದಲ್ಲಿದ್ದಾರೆ’ ಎಂಬ ಹಲಗೆ ತೂಗುಹಾಕಿದೆ, ಬೀಗದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಧ್ಯಾಹ್ನದ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಗುಂಪಿನಲ್ಲಿ ಶಾಖಾಧಿಕಾರಿಗಳ ಸಂದೇಶ: ಪಂಪ್‌ಸೆಟ್ ಫೀಡರ್ ಕ್ಲಿಯರ್. ಹೆಬ್ಬೆರಳುಗಳು ಎದ್ದವು. ಹಿಂದೆಯೇ ಅವರ ಫೋನು.

“ಸರೋಜಮ್ಮಾರ, ಕ್ಲಿಯರ್ ಆಗೇತಿ. ಹಾಕ್ರಿ.”

“ಕ್ಲಿಯರ್ ಅಂದವರು ಯಾರ್ರಿ ಸರ?”

“ನಾ ಅಂತೀನಲ್ಲ.”

“ನೀವು ಕಂಬದ ಹತ್ರ ಅದೀರೇನ್ರಿ?”

“ಆಫೀಸಿನ್ಯಾಗ ಅದೀನಿ. ಹುಸೇನ್‌ಸಾಬ ಆಗ್ಲೇ ಫೋನ್ ಮಾಡಿ, ಇನ್ನೇನು ಐದು ಮಿನಿಟಿನ ಕೆಲಸ ಅಂದಿದ್ದ. ಆಗಿ ಭಾಳ ಹೊತ್ತಾತು.”

“ಅವನ ಒಂದು ಮಾತು ಅನ್ಲಿ ಸರ. ಅಂದ ಕೂಡ್ಲೇ ಹಾಕ್ತೀನಿ.”

“ಅವನ ಫೋನ್ ಬಂದ್ ಐತ್ರಿ!”

ನಾನೂ ಮಾಡಿ ನೋಡಿದೆ. ಸ್ವಿಚ್ ಆಫ್. ಅವನ ಜೊತೆಗಾರನದು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಚಿಂತೆ ಮಾಡುವವಳ ಕಣ್ಣಿಗೆ ಆಗ ಏನೇನು ಕಾಣಿಸುತ್ತದೆ ಎಂಬುದನ್ನು ಬರೆಯುವುದಿಲ್ಲ. ಊಟದ ಡಬ್ಬಿ ಮುಚ್ಚಿಟ್ಟೆ.

ಅಷ್ಟರಲ್ಲಿ ಗೇಟಿನ ಹತ್ತಿರ ಬೈಕುಗಳ ಸದ್ದು. ಕಾಲುವೆ ಕೊನೆಯ ರೈತರು. ಮುಂದೆ ಸುಬ್ಬಾರಾವ್, ಅವರ ಮುಂದಾಳು. ಬಿಳಿ ಅಂಗಿ, ಮೊಣಕಾಲವರೆಗೆ ಕೆಸರು.

“ಏನಮ್ಮಾ, ಸಾಹೇಬ್ರು ಕ್ಲಿಯರ್ ಅಂತಿದ್ದಾರೆ, ನೀವು ಕರೆಂಟ್ ಹಾಕ್ತಾ ಇಲ್ಲ. ಇವತ್ತು ನಮ್ದು ಪಾಳಿ. ಸಂಜೆ ಆದ್ರೆ ನೀರು ಬೇರೆಯವರಿಗೆ ಹೋಗ್ಬಿಡ್ತದೆ, ಗೊತ್ತಾ?”

“ಗೊತ್ತೈತ್ರಿ. ಲೈನ್‌ಮ್ಯಾನ್ ಇನ್ನಾ ಇಳದೀನಿ ಅಂದಿಲ್ರಿ.”

“ಅಯ್ಯೋ ರಾಮ! ಅವನು ಊಟಕ್ಕೆ ಹೋಗಿರ್ತಾನಮ್ಮಾ.”

“ಹೋಗಿರಲೂಬಹುದು. ಕಂಬದ ಮ್ಯಾಲೆ ಇರಲೂಬಹುದು.”

ಹಿಂದಿನಿಂದ ಒಬ್ಬ ಕೂಗಿದ: “ಇಷ್ಟು ಹೆದರೋರು ಅಡುಗೆಮನೆಯಲ್ಲಿ ಇರ್ಬೇಕು!”

“ಅಡಗಿ ಮನ್ಯಾಗ ನಾ ಇನ್ನಾ ಹೆಚ್ಚಿಗಿ ಹೆದರ್ತೀನಪಾ” ಎಂದೆ. ಒಂದಿಬ್ಬರು ನಕ್ಕರು. ಸುಬ್ಬಾರಾವ್ ನಗಲಿಲ್ಲ.

ಶಾಖಾಧಿಕಾರಿಗಳು ಜೀಪಿನಲ್ಲಿ ಬಂದರು. ಅವರನ್ನು ಕೆಟ್ಟವರೆಂದು ಬರೆದರೆ ಕೈ ಸುಳ್ಳು ಹೇಳಿದಂತೆ. ನಿಯಮ ಅವರಿಗೆ ನನ್ನಷ್ಟೇ ಗೊತ್ತಿತ್ತು. ಆದರೆ ಮೇಲಿನವರ ಫೋನು ಅವರ ಜೇಬಿನಲ್ಲಿ ನಿಲ್ಲದೆ ಕುಣಿಯುತ್ತಿತ್ತು, ಎದುರಿಗೆ ಜನ.

“ಅಮ್ಮಾರ, ಕೀಲಿ ಕೊಡ್ರಿ. ನಾನ ಹಾಕ್ತೀನಿ. ನಿಮಗ ಸಂಬಂಧ ಇಲ್ಲ.”

“ಸಂಬಂಧ ಐತ್ರಿ. ಎಲ್.ಸಿ. ಅವನಿಗೆ ಕೊಟ್ಟಾಕಿ ನಾನು.”

“ನಾಳೆ ನಿಮ್ಮ ಮ್ಯಾಲೆ ರಿಪೋರ್ಟ್ ಹೋಗ್ತೈತಿ.”

“ಹೋಗ್ಲಿ ಸರ. ರಿಪೋರ್ಟಿಗೆ ಕರೆಂಟ್ ಹೊಡಿಯಂಗಿಲ್ಲ.”

ಬಾಯಿ ಹೀಗೆ ಹೇಳುತ್ತಿತ್ತು, ಒಳಗೆ ಹೆದರಿಕೆ. ಸೊಂಟದ ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಹೆದರಿದವಳ ಮುಷ್ಟಿ ಬಿಡಿಸುವುದು ಧೈರ್ಯವಂತೆಯ ಮುಷ್ಟಿ ಬಿಡಿಸುವುದಕ್ಕಿಂತ ಕಷ್ಟ ಎಂದು ಅವರಿಗೂ ಅನ್ನಿಸಿರಬೇಕು, ಮುಂದೆ ಬರಲಿಲ್ಲ.

“ಸುಬ್ಬಾರಾವ್ ಅವರ” ಎಂದೆ, “ಇಷ್ಟು ಗಾಡಿ ಅದಾವು. ಒಂದು ಗಾಡಿ ತಗೊಂಡು ಹೋಗಿ ಆ ಹುಸೇನ್‌ಸಾಬನ್ನ ಕರಕೊಂಡು ಬರ್ರಿ. ಇಲ್ಲಿ ಬಂದು ಒಂದು ಮಾತು ಕೂಗ್ಲಿ. ಸಾಕು.”

“ಲೈನ್‌ಮ್ಯಾನ್ ಹುಡುಕೋದೂ ನಮ್ಮ ಕೆಲಸಾನಾ?” ಎಂದು ಬೈಯುತ್ತಲೇ ಸುಬ್ಬಾರಾವ್ ಗಾಡಿ ಹತ್ತಿದರು.

ಅವರು ಹೋಗಿ ಬರುವವರೆಗಿನ ಹೊತ್ತಿನಲ್ಲಿ ಒಂದು ಕ್ಷಣ ನನ್ನ ಮನಸ್ಸಿಗೆ ಬಂದ ವಿಚಾರ ಇದು: ಹುಸೇನ್‌ಸಾಬ ಕಂಬದ ಮೇಲೇ ಇರಲಿ, ನನ್ನ ಮಾನ ಉಳಿಯಲಿ. ಮರುಕ್ಷಣ: ಅಯ್ಯೋ ಶಿವನೇ, ಕೆಳಗೇ ಇರಲಿ, ನನ್ನ ಮಾನ ಹಾಳಾಗಿ ಹೋಗಲಿ. ದೇವರು ಎರಡನೆಯದನ್ನು ಕೇಳಿಸಿಕೊಂಡ. ಸಾಮಾನ್ಯವಾಗಿ ನನ್ನ ವಿಷಯದಲ್ಲಿ ಅವನು ಹೀಗೇ.

ಸುಬ್ಬಾರಾವ್ ಗಾಡಿಯ ಹಿಂದೆ ಕೂತು ಬಂದ ಹುಸೇನ್‌ಸಾಬನ ತಲೆಯಲ್ಲಿ ಹುಲ್ಲುಕಡ್ಡಿ ಇತ್ತು. ಕಣ್ಣು ಊದಿದ್ದವು. ಕೆಲಸ ಯಾವಾಗಲೋ ಮುಗಿದಿತ್ತು. ಇಬ್ಬರೂ ಇಳಿದು, ಎಲ್ಲ ಬಿಚ್ಚಿ, ಫೋನು ಮಾಡಲು ಹೋದರೆ ಅವನದು ಸತ್ತಿತ್ತು. ಜೊತೆಗಾರ ತನ್ನ ಫೋನನ್ನು ಊರಲ್ಲೇ ಗಾಡಿಯ ಡಿಕ್ಕಿಯಲ್ಲಿ ಬಿಟ್ಟಿದ್ದ. ಯಾರದೋ ತೋಟದಲ್ಲಿ ಊಟ ಕೊಟ್ಟರು. ಉಂಡು, ಊರಿಗೆ ಹೋಗಿ ಫೋನು ಮಾಡಿದರಾಯಿತು ಎಂದು ಬೇವಿನ ಗಿಡದ ಕೆಳಗೆ ಒರಗಿದವನಿಗೆ ಕಣ್ಣು ಹತ್ತಿತ್ತು.

ಜನ ಹೋ ಎಂದರು. ಶಾಖಾಧಿಕಾರಿಗಳು ಎರಡೂ ಕೈ ಮೇಲೆತ್ತಿದರು. “ನೋಡಿದ್ರೇನ್ರಿ ಅಮ್ಮಾರ? ಗಿಡದ ಕೆಳಗ ಮಲಗ್ಯಾನ! ಇವನ ಸಲವಾಗಿ ಇಷ್ಟು ಮಂದಿ ನಿಂತೀವಿ!”

ಹುಸೇನ್‌ಸಾಬ ನನ್ನನ್ನು ನೋಡಿದ. “ಅಕ್ಕಾರ, ಇಡೀ ಸೀಮಿ ಮುಂದ ನನ್ನ ಮರ್ಯಾದಿ ತಗದ್ರಿ.”

“ಮರ್ಯಾದಿ ಆಮ್ಯಾಲ ನೋಡೋಣಪಾ. ಎಲ್.ಸಿ. ವಾಪಸ್ ಕೊಡು.”

“ಇಲ್ಲೇ ಅದೀನಲ್ರಿ, ಕಣ್ಣಿಗೆ ಕಾಣವಲ್ಲೆನೇನ್ರಿ?”

“ಕಂಡ್ರ ಸಾಲದು. ಬಾಯಿ ತಗದು ಹೇಳು.”

ಆತ ಅಂಗಳದಲ್ಲಿ ನಿಂತು, ಸಿಟ್ಟೆಲ್ಲ ಸೇರಿಸಿ, ಕಾಲುವೆಯ ಆಚೆ ದಡಕ್ಕೆ ಕೇಳುವಂತೆ ಕೂಗಿದ: “ಪಂಪ್‌ಸೆಟ್ ಫೀಡರ್! ಹುಸೇನ್‌ಸಾಬ! ಇಬ್ರೂ ಕೆಳಗದೀವಿ! ತಂತಿ ಮ್ಯಾಲೆ ನಮ್ದು ಏನೂ ಇಲ್ಲ! ಲೈನ್ ಕ್ಲಿಯರ್!”

ನಾನು ಅದನ್ನೇ ತಿರುಗಿ ಕೂಗಿದೆ. ಹಲಗೆ ತೆಗೆದು, ಬೀಗ ಬಿಚ್ಚಿ, ಅರ್ಥಿಂಗ್ ಬಿಡಿಸಿ, ಲೈನ್ ಹಾಕಿದೆ. ತಂತಿಯಲ್ಲಿ ಕರೆಂಟಿದೆ ಎನ್ನುವ ಕೆಂಪು ದೀಪ ಹತ್ತಿತು. ಯಾರೂ ನನಗೆ ಶಾಬಾಸ್ ಎನ್ನಲಿಲ್ಲ, ಎಲ್ಲರೂ ಹೊಲಕ್ಕೆ ಓಡಿದರು. ಸುಬ್ಬಾರಾವ್ ಅವರ ಕೊನೆಯ ಗದ್ದೆಗೆ ಅಂದು ನೀರು ಮುಟ್ಟಲಿಲ್ಲ ಎಂದು ಮರುದಿನ ಕೇಳಿದೆ. ಅದನ್ನು ಮುಚ್ಚಿಡುವುದಿಲ್ಲ. ಆ ಗದ್ದೆಯ ಜೊಳ್ಳಿನಲ್ಲಿ ನನ್ನ ಪಾಲಿದೆ. ಆದರೂ ನಾಳೆ ಅದೇ ದಿನ ಮತ್ತೆ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ನೋಟಿಸು ಬಂತು. ಕೊಪ್ಪಳದಲ್ಲಿ ವಿಚಾರಣೆ. ನಾನು ರಾತ್ರಿಯೆಲ್ಲ ಓದಿಕೊಂಡು ಹೋಗಿದ್ದೆ.

“ಮೇಲಧಿಕಾರಿ ಕ್ಲಿಯರ್ ಅಂದ ಮ್ಯಾಲೂ ನೀವು ಯಾಕ ಹಾಕಲಿಲ್ಲ?” ಎಂದು ವಿಚಾರಣಾಧಿಕಾರಿಗಳು ಕೇಳಿದರು.

“ಸರ, ಕ್ಲಿಯರ್ ಅನ್ನೋ ಪದ ಲ್ಯಾಟಿನ್ ಭಾಷಾದಾಗ...”

ಅವರು ಪೆನ್ನು ಕೆಳಗಿಟ್ಟರು. “ಲ್ಯಾಟಿನ್ ಮನ್ಯಾಗ ಇಡ್ರಿ. ಕನ್ನಡದಾಗ ಹೇಳ್ರಿ. ಅವತ್ತು ಲೈನಿನ ಮ್ಯಾಲೆ ಯಾರಾದ್ರೂ ಇದ್ರೇನು?”

“ಇಲ್ರಿ.”

“ಮತ್ತ? ನಿಮ್ಮ ನಿರ್ಧಾರ ತಪ್ಪಂತ ಒಪ್ಕೋರಿ.”

“ಯಾರೂ ಇಲ್ಲ ಅನ್ನೋದು ನಿಮಗ ಈಗ ಗೊತ್ತೈತ್ರಿ. ನನಗ ಅವಾಗ ಗೊತ್ತಿರಲಿಲ್ಲ. ನಾ ಸರಿ ಇದ್ದೆ ಅನ್ನಾಕ ಒಬ್ಬ ಮನಿಷ್ಯಾ ಸಾಯಬೇಕಿತ್ತೇನ್ರಿ?”

ಅವರು ಫೈಲು ತೆರೆದರು. ಒಂದು ಕಾಗದ ಮುಂದಿಟ್ಟರು. ತಪ್ಪಾಯಿತು, ಇನ್ನು ಮುಂದೆ ಮೇಲಧಿಕಾರಿಗಳ ಸೂಚನೆಯಂತೆ ಲೈನ್ ಹಾಕುತ್ತೇನೆ ಎಂದು ಅದರಲ್ಲಿತ್ತು. ಸಹಿ ಮಾಡಿದರೆ ವಿಷಯ ಇಲ್ಲಿಗೇ ಕ್ಲಿಯರ್ ಎಂದರು. ಮುದಿ ಪದ. ವಿಚಾರ ಮಾಡಲು ಒಂದು ವಾರ ಕೊಟ್ಟರು.

ಆ ಭಾನುವಾರ ಹುಸೇನ್‌ಸಾಬ ಭಾಗ್ಯನಗರದ ನಮ್ಮ ಮನೆ ಹುಡುಕಿಕೊಂಡು ಬಂದ. ಅವನಿಗೂ ನೋಟಿಸು ಬಂದಿತ್ತು. ಅವನು ಸಹಿ ಮಾಡಿ ಮುಗಿಸಿದ್ದ. ಚಹಾದ ಬಟ್ಟಲು ಹಿಡಿದು ಹೇಳಿದ:

“ಅಕ್ಕಾರ, ಸಹಿ ಮಾಡಿಬಿಡ್ರಿ. ಕಾಗದ ಐತಿ, ಹೋಗ್ಲಿ. ಇಲ್ಲಂದ್ರ ಎಲ್ಲೆರ ದೂರ ಒಗಿತಾರ ನಿಮ್ಮನ್ನ.”

“ಮಾಡ್ತೀನಿ. ನಾಳೆ ನೀ ಕಂಬದ ಮ್ಯಾಲೆ ಇದ್ದಾಗ ಸಾಹೇಬರು ಫೋನಿನಾಗ ಕ್ಲಿಯರ್ ಅಂದ್ರ, ಹಾಕ್ಲೇನು?”

ಹುಸೇನ್‌ಸಾಬ ಬಟ್ಟಲು ಕೆಳಗಿಟ್ಟ. “ಯಾ ಅಲ್ಲಾ. ಹಾಕಬ್ಯಾಡ್ರಿ.”

“ಮತ್ತ ಸಹಿ?”

“ಸಹಿ ಮಾಡ್ರಿ. ಲೈನ್ ಹಾಕಬ್ಯಾಡ್ರಿ.”

“ಎರಡೂ ಆಗಂಗಿಲ್ಲೋ ತಮ್ಮಾ. ಕಾಗದದಾಗ ಅದನ್ನ ಬರದಾರ.”

ಆತ ಬಟ್ಟಲನ್ನು ಮತ್ತೆ ಎತ್ತಿ ಚಹಾ ಮುಗಿಸಿದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಆಗಿನ್ನೂ ಹೈಸ್ಕೂಲು. ಕೊನೆಗೆ ಎದ್ದು ಚಪ್ಪಲಿ ಮೆಟ್ಟುತ್ತ, “ಹಂಗಾರ ಸಹಿ ಬ್ಯಾಡ ಬಿಡ್ರಿ” ಎಂದ. “ದೂರ ಹೋಗ್ರಿ ಅಕ್ಕಾರ. ಆದ್ರ ಸಹಿ ಬ್ಯಾಡ.”

ನಮ್ಮ ಮನೆಯವರು ಒಳಗಿಂದ ಕೇಳಿಸಿಕೊಳ್ಳುತ್ತಿದ್ದರು. ಟ್ರಂಕು ಅಟ್ಟದಿಂದ ಇಳಿಸಿದರು.

ನಾನು ಸಹಿ ಮಾಡಲಿಲ್ಲ. ಕುಷ್ಟಗಿಯ ಕಡೆ ವರ್ಗವಾಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚಿಂತೆ. ಅಲ್ಲಿ ನನ್ನನ್ನು ಯಾರು ಬಲ್ಲರು? ಲೈನ್‌ಮ್ಯಾನ್‌ಗಳ ದನಿ ಒಂದೂ ಗೊತ್ತಿಲ್ಲ, ಅವರಿಗೆ ನನ್ನ ಹಟ ಗೊತ್ತಿಲ್ಲ. ಗಂಗಾವತಿಯಲ್ಲಿ ಪಟ್ಟ ಪಾಡನ್ನು ಮತ್ತೆ ಮೊದಲಿನಿಂದ ಪಡಬೇಕು. ಈ ಸಲ ಹೆದರಿಕೆಯ ಜೊತೆ ವಯಸ್ಸೂ ಆಗಿದೆ.

ಡ್ಯೂಟಿಗೆ ಹಾಜರಾದ ದಿನವೇ ಹಳ್ಳಿಯ ಫೀಡರೊಂದಕ್ಕೆ ನನ್ನ ಹಿಂದಿನ ಪಾಳಿಯವರು ಎಲ್.ಸಿ. ಕೊಟ್ಟು ನನಗೆ ಒಪ್ಪಿಸಿ ಹೋದರು. ಲೈನ್‌ಮ್ಯಾನ್ ಹೆಸರು ಯಮನೂರಪ್ಪ. ಸ್ವಲ್ಪ ಹೊತ್ತಿಗೆ ಫೋನು. ಗುರುತಿಲ್ಲದ ದನಿ, ಅಧಿಕಾರಿಯದು.

“ಮೇಡಂ, ಆ ಹಳ್ಳಿ ಫೀಡರ್ ಕ್ಲಿಯರ್ ಆಗೇತಿ. ಹಾಕ್ರಿ.”

ಎದ್ದು ನಿಂತೆ. “ಎಲ್.ಸಿ. ಯಮನೂರಪ್ಪನ ಹೆಸರಿಲೆ ಐತ್ರಿ ಸರ. ಅವರನ್ನ ಮಾತಾಡಸ್ರಿ.”

ನಾನು ಮೇಜಿನ ಅಂಚು ಹಿಡಿದುಕೊಂಡೆ. ಇನ್ನು ಬೈಗುಳ ಬರುತ್ತದೆ, ಆಮೇಲೆ ಜೀಪು, ಆಮೇಲೆ ಜನ.

“ನೀವು...” ಎಂದರು ಅವರು. “ನೀವು ಆ ಗಂಗಾವತಿಯಿಂದ ಬಂದವರೇನ್ರಿ?”

“ಹೌದ್ರಿ.”

ಉಸಿರು ಬಿಟ್ಟ ಸದ್ದು ಕೇಳಿಸಿತು. ಆಮೇಲೆ, ಫೋನು ಬಾಯಿಂದ ದೂರ ಹಿಡಿದು ಯಾರನ್ನೋ ಕರೆಯುವುದು ಕೇಳಿಸಿತು: “ಏ ಯಮನೂರಪ್ಪಾ, ಬಾರೋ ಇಲ್ಲೆ. ಆ ಗಂಗಾವತಿ ಅಕ್ಕಾರ ಬಂದಾರ. ನೀನ ಹೇಳಬೇಕಂತ.”

ಓಡಿ ಬಂದವನ ಏದುಸಿರು. ಹಿಂದೆಂದೂ ಕೇಳದ, ಒರಟು, ದೊಡ್ಡ ದನಿ.

“ಅಕ್ಕಾರ, ಯಮನೂರಪ್ಪ ಮಾತಾಡೋದ್ರಿ! ಮೂರೂ ಮಂದಿ ಕೆಳಗದೀವಿ! ಲೈನ್ ಕ್ಲಿಯರ್!”

ಕಿವಿಯಿಂದ ಫೋನು ಸ್ವಲ್ಪ ದೂರ ಹಿಡಿಯಬೇಕಾಯಿತು. ತಿರುಗಿ ಕೂಗಿ, ಲೈನ್ ಹಾಕಿದೆ.